ಮೂವತ್ತೊಂದು ಮರಗಳ ದಿಕ್ಕು

ಹಾರೆಯ ಪೆಟ್ಟನ್ನೂ ಬೀಜದ ಭಾರವನ್ನೂ ಒಂದೇ ಸಮನಾಗಿ ತಾಳಿಕೊಳ್ಳುವ ಭೂಮಿತಾಯಿಗೆ ಮೊದಲು ನಮಸ್ಕರಿಸುತ್ತೇನೆ. ನೆರಳು ಕೊಟ್ಟು ಬಾಡಿಗೆ ಕೇಳದ ವೃಕ್ಷಕುಲಕ್ಕೆ ನಮಸ್ಕರಿಸುತ್ತೇನೆ. ನನ್ನ ಎಂಟು ಜನ ಕೆಲಸದವರಿಗೆ, ನನ್ನ ಟೆಂಪೋ ಓಡಿಸಿದ ಚಾಲಕನಿಗೆ, ಅವರೆಲ್ಲರ ಒಳಗೆ ಕುಳಿತು ನನ್ನ ತಪ್ಪನ್ನು ಸಹಿಸಿದ ಪರಮಾತ್ಮನಿಗೆ ಈ ಬರಹದ ಮೊದಲ ಮಾತು ಸಲ್ಲಲಿ. ಋಣವನ್ನು ಒಪ್ಪಿಕೊಳ್ಳದೆ ಕಥನಕ್ಕೆ ಇಳಿಯಬಾರದೆಂದು ಪಾಠಶಾಲೆಯಲ್ಲಿ ನನ್ನ ಗುರುಗಳು ಹೇಳುತ್ತಿದ್ದರು. ಈ ಕಥನದಲ್ಲಿ ಋಣವೇ ಹೆಚ್ಚು.

ಎರಡು ಸಾವಿರದ ಎಂಟನೆಯ ಇಸವಿಯ ಮಳೆಗಾಲ ಮುಗಿಯುವ ಹೊತ್ತಿಗೆ ನವಿ ಮುಂಬಯಿಯ ಕಟ್ಟಡಗಳು ಒಂದೊಂದಾಗಿ ನಿಂತುಹೋದವು. ಪರದೇಶದ ಬ್ಯಾಂಕುಗಳು ಮುಳುಗಿದ ಸುದ್ದಿಯನ್ನು ನಾವು ಪತ್ರಿಕೆಯಲ್ಲಿ ಓದಿದ್ದೆವು. ಅದು ಘಣಸೋಲಿಯ ಹುಲ್ಲುಹಾಸಿನವರೆಗೆ ಬರುತ್ತದೆಂದು ತಿಳಿದಿರಲಿಲ್ಲ. ನನ್ನದು ಡೊಂಬಿವಲಿಯಲ್ಲಿ ಒಂದು ಸಣ್ಣ ಉದ್ಯೋಗ: ಒಂದು ಟೆಂಪೋ, ಕೆಂಪು ಮಣ್ಣು ಮತ್ತು ಗೊಬ್ಬರದ ಸಾಗಣೆ, ಹೊಸ ವಸತಿ ಸಂಕೀರ್ಣಗಳಿಗೆ ತೋಟ ಹಾಕಿಕೊಡುವ ಕೆಲಸ. ಮೂರು ಕಡೆ ಹುಲ್ಲು ಹಾಸುತ್ತಿದ್ದಾಗಲೇ ಕೆಲಸ ನಿಲ್ಲಿಸಲು ಹೇಳಿದರು. ತಂದಿಳಿಸಿದ್ದ ಹುಲ್ಲಿನ ಸುರುಳಿಗಳು ಬಿಚ್ಚುವವರಿಲ್ಲದೆ ಅಲ್ಲಿಯೇ ಒಣಗಿ ಚಾಪೆಗಳಾದವು. ಕಾವಲುಗಾರರು ಅವುಗಳ ಮೇಲೆ ಮಲಗಿದರು.

ನನ್ನ ಬಳಿ ಇದ್ದ ಎಂಟು ಜನರೂ ಕಲಬುರಗಿಯ ಕಡೆಯವರು. ದಿವಾದಲ್ಲಿ ರೈಲು ಹಳಿಗೆ ತಾಗಿದ ಚಾಳಿನಲ್ಲಿ ಎರಡು ಕೋಣೆ ಮಾಡಿಕೊಂಡು ಇದ್ದರು. ಅವರ ಮುಖಂಡನನ್ನು ಎಲ್ಲರೂ ಮೇಸ್ತ್ರಿ ಎನ್ನುತ್ತಿದ್ದರು. ಐವತ್ತು ದಾಟಿದ ಮನುಷ್ಯ. ಅಕ್ಷರ ಬಾರದು, ಆದರೆ ಮಣ್ಣನ್ನು ಹಿಡಿದು ಮೂಸಿದರೆ ಅದರಲ್ಲಿ ಉಪ್ಪಿದೆಯೋ ಇಲ್ಲವೋ ಹೇಳುವನು. ಅವನ ಹೆಂಡತಿ ನೀರು ಹಾಕುವ ಹೆಂಗಸರಿಗೆ ಮುಂದಾಳು. ಕೆಲಸ ನಿಂತು ಒಂದು ತಿಂಗಳಾದಾಗ ಮೇಸ್ತ್ರಿ ಬಂದು, ಊರಿಗೆ ಹೋದರೆ ಅಲ್ಲಿಯೂ ಕೆಲಸವಿಲ್ಲ, ಇಲ್ಲಿಯೇ ಚದುರಿ ಹೋದರೆ ಮತ್ತೆ ಒಂದು ಗುಂಪಾಗಿ ಕೂಡುವುದಿಲ್ಲ, ಏನು ಮಾಡೋಣ ಎಂದು ಕೇಳಿದನು. ಕಾರ್ತಿಕ ಮುಗಿಯುವವರೆಗೆ ತಡೆ ಎಂದೆ. ತಡೆದರು.

ಮಾರ್ಗಶಿರದಲ್ಲಿ ಒಂದು ಕೆಲಸ ಬಂತು. ಠಾಣೆಯಲ್ಲಿ ಮುಚ್ಚಿಹೋದ ಒಂದು ಕಾರ್ಖಾನೆಯ ಅಂಗಳದಿಂದ ಮೂವತ್ತೊಂದು ಮರಗಳನ್ನು ಬೇರುಸಹಿತ ಎತ್ತಿ, ಕೋಪರಖೈರಣೆಯ ಒಂದು ವಸತಿ ಸಂಕೀರ್ಣದ ಬರಿಯ ಮೈದಾನದಲ್ಲಿ ನೆಡಬೇಕು. ತೊಡೆಯ ಗಾತ್ರದ ಬಕುಳ, ಹೊಂಗೆ, ಬೇವು, ಕೆಲವು ಮಾವು. ಸಂಕೀರ್ಣದ ಕಾರ್ಯದರ್ಶಿ ಮರಾಠಿ ಗೃಹಸ್ಥರು, ನಿವೃತ್ತ ಅಧಿಕಾರಿ, ಕೊಟ್ಟ ಮಾತಿಗೆ ನಿಲ್ಲುವವರು. ಮುಂದಿನ ಮಳೆಗಾಲದ ಕೊನೆಯಲ್ಲಿ ಮರಗಳು ಬದುಕಿದ್ದರೆ ಇಡೀ ಸಂಕೀರ್ಣದ ತೋಟಗಳ ಉಸ್ತುವಾರಿಯನ್ನು ನಮಗೇ ಕೊಡುವೆನೆಂದರು. ಅದೆಂದರೆ ಎಂಟು ಜನರಿಗೆ ಪ್ರತಿದಿನ ಕೆಲಸ. ಮರಗಳು ಸತ್ತರೆ ಗುಂಪು ಒಡೆಯುವುದು. ಇಷ್ಟು ಸರಳವಾಗಿತ್ತು ವಿಷಯ.

ಬೆಳೆದ ಮರವನ್ನು ಒಂದೇ ಪೆಟ್ಟಿಗೆ ಕೀಳಬಾರದು. ಮೊದಲು ಕಾಂಡದ ಸುತ್ತ ಎರಡು ಮೊಳ ದೂರದಲ್ಲಿ ಅರ್ಧ ವರ್ತುಲದ ಕಾಲುವೆ ತೋಡಿ, ಸಿಕ್ಕ ಬೇರುಗಳನ್ನು ಗರಗಸದಿಂದ ನೇರವಾಗಿ ಕೊಯ್ದು, ಗೊಬ್ಬರ ಬೆರೆಸಿದ ಮಣ್ಣಿನಿಂದ ಮುಚ್ಚಬೇಕು. ಹತ್ತು ದಿನ ಕಳೆದು ಇನ್ನರ್ಧ. ಕೊಯ್ದಲ್ಲಿ ಹೊಸ ಎಳೆಬೇರು ಚಿಗುರಲು ಕಾಯಬೇಕು. ಆಮೇಲೆ ಕೊಂಬೆಗಳನ್ನು ಮೂರರಲ್ಲಿ ಎರಡು ಪಾಲು ಕಡಿದು, ಕಡಿದ ಬಾಯಿಗೆ ಸಗಣಿ ಮೆತ್ತಿ, ಬೇರಿನ ಮಣ್ಣಿನ ಮುದ್ದೆಯನ್ನು ಒದ್ದೆ ಗೋಣಿತಟ್ಟಿನಲ್ಲಿ ಸುತ್ತಿ, ನಾರಿನ ಹಗ್ಗದಿಂದ ಬಿಗಿದು, ಕ್ರೇನಿನಿಂದ ಎತ್ತಬೇಕು. ಎಲ್ಲಕ್ಕಿಂತ ಮುಖ್ಯವಾದುದು ದಿಕ್ಕು. ಮರದ ಯಾವ ಮಗ್ಗುಲು ಉತ್ತರಕ್ಕಿತ್ತೋ ಹೊಸ ಗುಂಡಿಯಲ್ಲಿಯೂ ಅದು ಉತ್ತರಕ್ಕೇ ಇರಬೇಕು. ಬಿಸಿಲು ಕಾಣದ ತೊಗಟೆ ಎಳೆಯದಾಗಿರುತ್ತದೆ. ಕೊಂಬೆಯ ನೆರಳೂ ಇಲ್ಲದ ಸಮಯದಲ್ಲಿ ಅದನ್ನು ನೈಋತ್ಯದ ಬಿಸಿಲಿಗೆ ತಿರುಗಿಸಿದರೆ ಬೇಯುತ್ತದೆ. ಅದಕ್ಕಾಗಿ ಮೇಸ್ತ್ರಿ ಯಾವಾಗಲೂ ಉತ್ತರದ ಮಗ್ಗುಲಿಗೆ ಸುಣ್ಣದ ಒಂದು ಪಟ್ಟಿ ಎಳೆಯುತ್ತಿದ್ದನು. ಅವನ ಸೊಂಟಕ್ಕೆ ಸುಣ್ಣದ ಡಬ್ಬಿ ಸದಾ ತೂಗುತ್ತಿತ್ತು.

ಸಂಕ್ರಮಣ ಕಳೆದ ವಾರ ಎತ್ತಲು ಹೋದಾಗ ಆ ಅಂಗಳದ ಎಂಜಿನಿಯರು ಸುಣ್ಣಕ್ಕೆ ಅಡ್ಡಿ ಮಾಡಿದರು. ಕಾಂಡಗಳ ಮೇಲೆ ಬಿಳಿ ಬಣ್ಣದ ಸರ್ಕಾರಿ ಅಂಕಿಗಳಿದ್ದವು. ಅವುಗಳ ಪಕ್ಕದಲ್ಲಿ ಇನ್ನೊಂದು ಬಿಳಿ ಗುರುತು ಬಂದರೆ ತಪಾಸಣೆಯವರು ಪ್ರಶ್ನಿಸುವರೆಂದು ಅವರ ಆತಂಕ. ಮೇಸ್ತ್ರಿ ಬಟ್ಟೆಯ ಚಿಂದಿ ಕಟ್ಟೋಣವೆಂದನು. ನನಗೆ ಬೇರೊಂದು ತೋಚಿತು.

ಮರವನ್ನು ಕದಲಿಸುವ ಮುನ್ನ ಅದರ ಬುಡಕ್ಕೆ ನೀರೆರೆದು, ಎಣ್ಣೆಯಲ್ಲಿ ಕಲಸಿದ ಕುಂಕುಮವನ್ನು ಕಾಂಡಕ್ಕೆ ಹಚ್ಚಿ, ಅದರಲ್ಲಿ ವಾಸವಾಗಿರುವ ಜೀವಗಳ ಕ್ಷಮೆ ಕೇಳುವುದು ನಾನು ಹಿರಿಯರಿಂದ ಪಡೆದ ಆಚಾರ. ಪೂಜೆಗೆ ನಾನು ಪೂರ್ವಾಭಿಮುಖವಾಗಿ ನಿಲ್ಲುತ್ತೇನೆ, ಆದ್ದರಿಂದ ನನ್ನ ಕುಂಕುಮ ಮರದ ಪಶ್ಚಿಮದ ಮಗ್ಗುಲಿಗೆ ಬೀಳುತ್ತದೆ. ಅದನ್ನೇ ಗುರುತಾಗಿ ಇಟ್ಟುಕೊಂಡು, ಅಲ್ಲಿಯೂ ಕುಂಕುಮ ಪಶ್ಚಿಮಕ್ಕೆ ಬರುವಂತೆ ನೆಟ್ಟರೆ ಆಯಿತು ಎಂದೆ.

ಮೇಸ್ತ್ರಿ ಡಬ್ಬಿಯ ಮುಚ್ಚಳ ತೆಗೆದು, "ಆಚಾರ್ರ, ಕುಂಕುಮ ದೇವರಿಗ್ರಿ. ಮಣ್ಣಿನ ಕೆಲಸಕ್ಕ ಸುಣ್ಣಾನ ಬೇಕು" ಎಂದನು.

ಎಂಜಿನಿಯರ ಎದುರಿನಲ್ಲಿ ಅವನು ಹಾಗೆಂದುದು ನನಗೆ ರುಚಿಸಲಿಲ್ಲ. "ದೇವರ ಗುರುತಿಗಿಂತ ನಿನ್ನ ಡಬ್ಬಿಯ ಗುರುತು ದೊಡ್ಡದೇನಪ್ಪ?" ಎಂದೆ. ಅವನು ಡಬ್ಬಿಯ ಮುಚ್ಚಳ ಹಾಕಿದನು. ಉಳಿದವರು ನಕ್ಕರು. ಆ ನಗು ನನಗೆ ಆಗ ಹಿತವಾಗಿತ್ತೆಂಬುದನ್ನು ಇಲ್ಲಿ ಬರೆಯಲೇಬೇಕು.

ಆರು ದಿನ ಎತ್ತಿದೆವು. ಕೆಲಸವಿಲ್ಲದೆ ನಿಂತಿದ್ದ ಕ್ರೇನು ಕಡಿಮೆ ಬಾಡಿಗೆಗೆ ದೊರಕಿತ್ತು. ಬೆಳಿಗ್ಗೆ ಮೂರು ಮರ, ಸಂಜೆ ಎರಡು. ಒಂದು ದಿನ ಮಾತ್ರ ಸಂಜೆಯೂ ಮೂರು. ಬೆಳಗಿನವು ಮಧ್ಯಾಹ್ನದೊಳಗೆ ಹೋಗುತ್ತಿದ್ದವು. ಸಂಜೆಯ ದಟ್ಟಣೆಯಲ್ಲಿ ಆ ರಸ್ತೆಗೆ ಸಾಮಾನಿನ ವಾಹನ ಬಿಡುತ್ತಿರಲಿಲ್ಲವಾದ್ದರಿಂದ ಸಂಜೆ ಎತ್ತಿದವು ಒದ್ದೆ ಗೋಣಿ ಹೊದ್ದು ಮರುದಿನದವರೆಗೆ ಅಲ್ಲಿಯೇ ಇರುತ್ತಿದ್ದವು. ಕಳವಾ ದಾಟಿದ ಮೇಲೆ ವಿಟಾವಾದ ರೈಲು ಸೇತುವೆಯ ಅಡಿ ಬಹಳ ತಗ್ಗು. ಅಲ್ಲಿ ಚಾಲಕನು ಪ್ರತಿಸಲ ಇಳಿದು, ಕೋಲಿನಿಂದ ಎತ್ತರ ಅಳೆದು, ಹಿಂದಿನ ವಾಹನಗಳವರ ಬೈಗುಳಕ್ಕೆ ತುಳುವಿನಲ್ಲಿ ಉತ್ತರ ಕೊಟ್ಟು, ನಿಧಾನವಾಗಿ ನುಸುಳಿಸುತ್ತಿದ್ದನು. ಅವನು ಡೊಂಬಿವಲಿಯಲ್ಲೇ ಹುಟ್ಟಿ ಅಲ್ಲಿಯೇ ನಲವತ್ತು ದಾಟಿದವನು. ಯಾವ ಅಂಕಿಯ ಮರ ಯಾವ ಹೊತ್ತಿನಲ್ಲಿ ಟೆಂಪೋ ಏರಿತು, ಎಂದು ಇಳಿಯಿತು ಎಂಬುದನ್ನು ಒಂದು ಪುಸ್ತಕದಲ್ಲಿ ಬರೆದಿಡುವ ಅಭ್ಯಾಸ ಅವನಿಗಿತ್ತು.

ಕೋಪರಖೈರಣೆಯಲ್ಲಿ ಮೂವತ್ತೊಂದೂ ನಿಂತವು. ಎಲ್ಲ ಕಾಂಡಗಳಲ್ಲೂ ಕುಂಕುಮ ಪಶ್ಚಿಮಕ್ಕಿತ್ತು. ಸಾಲಾಗಿ ತಿಲಕವಿಟ್ಟ ಹಾಗೆ ಕಾಣುತ್ತಿತ್ತು. ನಾನು ಸಂತೋಷಪಟ್ಟೆ.

ಮಾಘದ ಕೊನೆಯಲ್ಲಿ ಹಲವು ಮರಗಳು ಕೆಂಪು ಚಿಗುರು ತೋರಿಸಿದವು. ಕೆಲವು ಮಾತ್ರ ತೋರಿಸಲಿಲ್ಲ. ಫಾಲ್ಗುನದಲ್ಲಿ ಆ ಕೆಲವುಗಳ ತೊಗಟೆ ಬಿರುಕುಬಿಟ್ಟಿತು. ಉಗುರಿನಿಂದ ಕೆರೆದರೆ ಹಸಿರಿನ ಬದಲು ಕಂದು. ಎಣಿಸಿದೆ: ಹದಿಮೂರು. ಗೆದ್ದಲಿಗೆ ಬೇವಿನ ಹಿಂಡಿ ಹಾಕಿದೆವು. ಗುಂಡಿಯಲ್ಲಿ ನೀರು ನಿಲ್ಲುವುದೋ ಎಂದು ಅಗೆದು ನೋಡಿದೆವು. ಹದಿನೆಂಟಕ್ಕೆ ಹಿಡಿಸಿದ ಮಣ್ಣು ಹದಿಮೂರಕ್ಕೆ ಏಕೆ ಹಿಡಿಸಲಿಲ್ಲವೆಂದು ನನಗೆ ತಿಳಿಯಲಿಲ್ಲ. ತಿಳಿಯದಿದ್ದಾಗ ಮನುಷ್ಯನು ತನ್ನ ಕೈಕೆಳಗಿನವರ ಕಡೆ ನೋಡುತ್ತಾನೆ.

ನೀರು ಹಾಕುವ ಹೆಂಗಸರು ಕೊನೆಯ ಸಾಲುಗಳನ್ನು ಬಿಟ್ಟುಬಿಡುತ್ತಿದ್ದಾರೆಂದು ನಾನು ನಿಶ್ಚಯಿಸಿದೆ. ಒಂದು ಬೆಳಿಗ್ಗೆ ಎಲ್ಲರ ಎದುರು ಮೇಸ್ತ್ರಿಯ ಹೆಂಡತಿಯನ್ನು ಕೇಳಿದೆ. ಅವಳು ನೀರಿನ ಪೈಪನ್ನು ನೆಲಕ್ಕಿಟ್ಟು ಸೆರಗು ಸರಿಮಾಡಿಕೊಂಡಳು.

"ಯಪ್ಪಾ, ನನ್ನ ಮಕ್ಕಳಿಗಿ ಒಂದ್ ಹೊತ್ತು ನೀರ ಮರತಿರಬೇಕು. ಈ ಗಿಡಕ್ಕ ಮರತಿಲ್ಲ."

ಅಷ್ಟೇ ಹೇಳಿದಳು. ನಾನು ನಂಬಲಿಲ್ಲ. ಬೇರು ಕೊಯ್ಯುವಾಗ ಅವಸರ ಮಾಡಿದಿರೆಂದು ಮೇಸ್ತ್ರಿಯನ್ನೂ ಅಂದೆ. ಅವನು ಹೆಂಡತಿ ಕೆಳಗಿಟ್ಟ ಪೈಪನ್ನು ಎತ್ತಿಕೊಂಡು ಮುಂದಿನ ಮರಕ್ಕೆ ಹೋದನು. ಆ ವಾರವೇ ಗುಂಪಿನ ಇಬ್ಬರು ಕೆಲಸ ಬಿಟ್ಟು ಊರಿನ ರೈಲು ಹತ್ತಿದರು. ಮಾತು ಕೇಳಿಸಿಕೊಂಡು ಇರುವಷ್ಟು ಅನ್ನ ಇಲ್ಲಿಲ್ಲ ಎಂದು ಅವರಲ್ಲೊಬ್ಬನು ಚಾಲಕನಿಗೆ ಹೇಳಿ ಹೋದನಂತೆ.

ಚೈತ್ರದಲ್ಲಿ ಕಾರ್ಯದರ್ಶಿಗಳು ನನ್ನನ್ನು ತಮ್ಮ ಕಚೇರಿಗೆ ಕರೆದು ಕುಳ್ಳಿರಿಸಿ ಚಹಾ ಕೊಟ್ಟರು. ನಾನು ಹೊರಗಿನ ಚಹಾ ಕುಡಿಯುವುದಿಲ್ಲವೆಂದು ತಿಳಿದಿದ್ದೂ ಮರ್ಯಾದೆಗೆ ಎದುರಿಗಿಟ್ಟರು. "ಕಾಕಾ, ಮಾಣಸಂ ಬದಲಾ" ಎಂದರು. ಜನರನ್ನು ಬದಲಿಸಿರಿ. ವಾಶಿಯ ಮಾರುಕಟ್ಟೆಯಲ್ಲಿ ಕೆಲಸವಿಲ್ಲದ ಎಷ್ಟೋ ಜನ ಕುಳಿತಿದ್ದಾರೆ, ಶ್ರದ್ಧೆಯಿಂದ ನೀರು ಹಾಕುವವರನ್ನು ತನ್ನಿ, ಹದಿನೆಂಟಾದರೂ ಉಳಿದರೆ ಉಸ್ತುವಾರಿ ನಿಮಗೇ ಎಂದರು. ನಾನು ಒಂದು ವಾರದೊಳಗೆ ಹೇಳುವೆನೆಂದು ಎದ್ದೆ. ಅವರಿಗೆ ಅದು ಒಪ್ಪಿಗೆಯಂತೆಯೇ ಕೇಳಿಸಿರಬೇಕು. ನನಗೂ ಹಾಗೆಯೇ ಕೇಳಿಸಿತು. ಎಂಟು ಜನರ ಅನ್ನಕ್ಕೆಂದು ಹಿಡಿದ ಕೆಲಸ, ಆ ಜನರನ್ನೇ ಬಿಟ್ಟರೆ ನನಗೆ ಉಳಿಯುವುದೆಂಬಲ್ಲಿಗೆ ಬಂದು ನಿಂತಿತ್ತು.

ಆ ದಿನ ಸೂರ್ಯಾಸ್ತದವರೆಗೆ ನಾನು ಮೈದಾನದಲ್ಲಿಯೇ ಇದ್ದೆ. ಕೆಲಸದವರು ರೈಲಿಗೆ ಹೊರಟುಹೋಗಿದ್ದರು. ಚಾಲಕನೊಬ್ಬ ಟೆಂಪೋ ಒರಸುತ್ತಿದ್ದ. ನಳದ ಬಳಿ ಕೈಕಾಲು ತೊಳೆದು ಸಂಧ್ಯಾವಂದನೆ ಮುಗಿಸಿದೆ. ಮನಸ್ಸಿಗೆ ಸಮಾಧಾನವಿರಲಿಲ್ಲ. ಹತ್ತಿರದ ಬಕುಳ ಸಾಯುತ್ತಿತ್ತು. ಅದಕ್ಕೆ ಮತ್ತೊಮ್ಮೆ ಕುಂಕುಮವಿಟ್ಟು ಪ್ರಾರ್ಥಿಸೋಣವೆಂದು ಚೀಲದಿಂದ ಭರಣಿ ತೆಗೆದು ಬೆರಳನ್ನು ಕಾಂಡಕ್ಕೆ ಒತ್ತಿದೆ.

ಒತ್ತಿದಲ್ಲಿ ಹಳೆಯ ಕುಂಕುಮದ ಕಲೆ ಇರಲಿಲ್ಲ. ಅದು ಮರದ ಆಚೆ ಮಗ್ಗುಲಿನಲ್ಲಿತ್ತು.

ಕೈಯನ್ನು ಅಲ್ಲಿಯೇ ಇಟ್ಟುಕೊಂಡು ತಲೆಯೆತ್ತಿದೆ. ಎದುರಿಗೆ ಸೂರ್ಯನು ಇಳಿದಿದ್ದನು. ಬೆಳಗಿನ ಸಂಧ್ಯೆಗೆ ಪೂರ್ವಾಭಿಮುಖ, ಸಂಜೆಯ ಸಂಧ್ಯೆಗೆ ಪಶ್ಚಿಮಾಭಿಮುಖ. ಎಂಟನೆಯ ವಯಸ್ಸಿನಿಂದ ನನ್ನ ದೇಹ ಹಾಗೆಯೇ ತಿರುಗುತ್ತ ಬಂದಿದೆ. ಅದಕ್ಕೆ ಬುದ್ಧಿಯ ಅಪ್ಪಣೆ ಬೇಕಿಲ್ಲ. ಠಾಣೆಯ ಅಂಗಳದಲ್ಲಿ ಸಂಜೆ ಎತ್ತಿದ ಮರಗಳಿಗೂ ನಾನು ಮುಳುಗುವ ಸೂರ್ಯನಿಗೆ ಮುಖಮಾಡಿಯೇ ಕುಂಕುಮ ಹಚ್ಚಿದ್ದೆ. ಆ ಕುಂಕುಮ ಬಿದ್ದದ್ದು ಪೂರ್ವದ ಮಗ್ಗುಲಿಗೆ. ಇಲ್ಲಿ ನನ್ನ ಜನರು ನನ್ನ ಮಾತಿನಂತೆ ಅದನ್ನು ಪಶ್ಚಿಮಕ್ಕೆ ತಿರುಗಿಸಿ ನೆಟ್ಟಿದ್ದರು. ಆ ಮರಗಳು ಹಿಂದುಮುಂದಾಗಿ ನಿಂತಿದ್ದವು.

ಚಾಲಕನನ್ನು ಕರೆದು, ಸಂಜೆ ಎತ್ತಿದ ಮರಗಳ ಅಂಕಿಗಳನ್ನು ಓದೆಂದೆ. ಅವನು ಪುಸ್ತಕ ತಂದು ಓದುತ್ತ ಹೋದನು. ನಾನು ಒಂದೊಂದರ ಬಳಿಗೂ ಹೋಗಿ ನಿಂತೆ. ಐದಾರು ಅಂಕಿಗಳಾದ ಮೇಲೆ ಅವನೇ ತಲೆಯೆತ್ತಿದನು.

"ಅಣ್ಣಾ, ಶಾಮ್‌ಕಾ ಮಾಲ್ ಪೂರಾ ಸೂಖ್ ಗಯಾ. ಸಂಜೆದು ಒಂದೂ ಬಿಡದೆ ಒಣಗಿದೆ ಅಲ್ವಾ?"

ಒಂದೂ ಬಿಟ್ಟಿರಲಿಲ್ಲ. ರಾತ್ರಿಯಿಡೀ ಗುಂಡಿಗೆ ಇಳಿಯದೆ ಇದ್ದುದರಿಂದ ಹೀಗಾಯಿತೇನೋ ಎಂದು ಅವನು ನನಗೊಂದು ದಾರಿ ಮಾಡಿಕೊಟ್ಟನು. ಆ ದಾರಿಯಲ್ಲಿ ನಾಲ್ಕು ಹೆಜ್ಜೆ ನಡೆದೂ ನೋಡಿದೆ. ಆದರೆ ಬಿರುಕು ಇದ್ದದ್ದು ನೈಋತ್ಯದ ಮಗ್ಗುಲೊಂದರಲ್ಲೇ. ನೆರಳಿನಲ್ಲಿ ಬೆಳೆದ ಪಾಚಿ ಕೂಡ ಆ ಮಗ್ಗುಲಿನಲ್ಲಿಯೇ ಒಣಗಿ ಬೂದಿಯಾಗಿ ಅಂಟಿಕೊಂಡಿತ್ತು. ಮರವು ತನ್ನ ಉತ್ತರವನ್ನು ತಾನೇ ಬರೆದುಕೊಂಡಿತ್ತು. ಓದುವ ಕಣ್ಣು ನನಗಿರಲಿಲ್ಲ.

ಮರುದಿನ ಬೆಳಿಗ್ಗೆ ಜಪ ಮುಗಿಸಿ ಮೊದಲ ಗಾಡಿಗೆ ದಿವಾಕ್ಕೆ ಹೋದೆ. ಮೇಸ್ತ್ರಿ ಚಾಳಿನ ಹೊರಗೆ ಹಲ್ಲುಜ್ಜುತ್ತಿದ್ದನು. ನಾನು ಅಲ್ಲಿಗೆ ಎಂದೂ ಹೋದವನಲ್ಲ. ಗಾಬರಿಯಿಂದ ಬಾಯಿ ಮುಕ್ಕಳಿಸಿ ಬಂದನು. ನಡೆದುದನ್ನು ಹೇಳಿದೆ. ಅವನು ಆಶ್ಚರ್ಯಪಡಲಿಲ್ಲ.

"ನನಗ ಗೊತ್ತಿತ್ರಿ ಆಚಾರ್ರ. ನೆಡೂ ದಿನಾನ ಪಾಚಿ ನೋಡಿದ್ದೆ."

"ಗೊತ್ತಿದ್ದು ಏಕೆ ಹೇಳಲಿಲ್ಲ?"

"ಏನಂತ ಹೇಳ್ಲಿ? ಸುಣ್ಣದ ಮಾತು ಒಮ್ಮಿ ಹೇಳಿದ್ದೆ. ಆಮ್ಯಾಲ ಹೇಳಿದ್ರ, ನಿಮ್ಮ ಪೂಜಾದಿಂದ ಗಿಡ ಸತ್ತೂ ಅಂದಂಗ ಆಗ್ತಿತ್ತು. ಅಂಥಾ ಮಾತು ನನ್ನ ಬಾಯಾಗ ಬರಬಾರದು."

ಒಳಗಿನಿಂದ ಅವನ ಹೆಂಡತಿ ಕೇಳಿಸಿಕೊಂಡಿದ್ದಳು. ಹೊರಗೆ ಬಂದು ನನ್ನನ್ನು ನೋಡದೆ ಅವನಿಗೆ ಹೇಳಿದಳು: "ಗಿಡ ಸತ್ತದ್ದು ಪೂಜಾದಿಂದಲ್ಲ. ನೀ ಬಾಯಿ ಮುಚ್ಚಿದ್ದಕ್ಕ, ಅವರು ಮುಚ್ಚಿಸಿದ್ದಕ್ಕ."

ನಿನ್ನ ಮೇಲೆ ಸುಳ್ಳು ಹೊರಿಸಿದೆ, ತಾಯಿ, ಎಂದು ಕೈಮುಗಿದೆ. ಅವಳು ಒಳಗೆ ಹೋದಳು.

ಅಲ್ಲಿಂದ ಮೇಸ್ತ್ರಿಯನ್ನು ಕರೆದುಕೊಂಡೇ ಕಾರ್ಯದರ್ಶಿಗಳ ಬಳಿಗೆ ಹೋದೆ. ಹೇಳಬೇಕೋ ಬೇಡವೋ ಎಂಬ ತೊಳಲಾಟ ರೈಲಿನಲ್ಲಿ ಇರಲಿಲ್ಲ ಎಂದರೆ ಸುಳ್ಳಾದೀತು. ಠಾಣೆಯಲ್ಲಿ ಗಾಡಿ ಬದಲಿಸುವಾಗ ಎರಡು ಸಲ ನಿಂತೆ. ನಾನು ಸುಮ್ಮನಿದ್ದರೆ ಹದಿನೆಂಟು ಮರಗಳೂ ಉಸ್ತುವಾರಿಯೂ ಉಳಿಯುವುವು; ಆರು ಜನ ಮಾತ್ರ ಹೋಗುವರು. ಮೇಸ್ತ್ರಿ ಪ್ರತಿಸಲವೂ ನನ್ನೊಡನೆ ನಿಂತು, ಕಾರಣ ಕೇಳದೆ, ನಾನು ನಡೆದಾಗ ನಡೆದನು.

ಕಾರ್ಯದರ್ಶಿಗಳು ಎಲ್ಲವನ್ನೂ ಕೇಳಿದರು. ಕೋಪ ಮಾಡಲಿಲ್ಲ. ಆದರೆ ಅವರ ಮುಖದಲ್ಲಿ ನನ್ನ ಬಗೆಗಿದ್ದ ಭರವಸೆ ಇಳಿದುದನ್ನು ಕಂಡೆ. ದಿಕ್ಕು ತಪ್ಪಿಸಿದವರಿಗೆ ತೋಟ ಕೊಟ್ಟರೆ ಸಮಿತಿಗೆ ತಾವು ಏನು ಹೇಳುವುದು ಎಂದರು. ನಾನು, ನನಗೆ ಕೊಡಬೇಡಿ, ಪಾಚಿಯನ್ನು ನೋಡಿದವನಿಗೆ ಕೊಡಿ ಎಂದೆ. ಮಳೆ ಮುಗಿಯಲಿ, ನೋಡೋಣ ಎಂದಷ್ಟೇ ಹೇಳಿ ಎದ್ದರು.

ಮತ್ತೆ ಕಿತ್ತು ತಿರುಗಿಸಿದರೆ ಉಳಿದ ಜೀವವೂ ಹೋಗುವುದೆಂದು ಮೇಸ್ತ್ರಿ ಹೇಳಿದನು. ಈ ಸಲ ಅವನು ಹೇಳಿದಂತೆ ನಡೆಯಿತು. ಜೇಡಿಮಣ್ಣು, ಸಗಣಿ, ಸುಣ್ಣ ಕಲಸಿ ಹದಿಮೂರು ಕಾಂಡಗಳ ಬೆಂದ ಮಗ್ಗುಲಿಗೆ ಬೆರಳು ದಪ್ಪ ಮೆತ್ತಿ, ಮೇಲೆ ಗೋಣಿ ಸುತ್ತಿದೆವು. ನೈಋತ್ಯಕ್ಕೆ ಬಿದಿರು ನೆಟ್ಟು ನೆರಳಿಗೆ ಹಳೆಯ ಟಾರ್ಪಾಲು ಕಟ್ಟಿದೆವು. ವೈಶಾಖದಲ್ಲಿ ಸಂಕೀರ್ಣದ ನೀರು ಕಡಿಮೆಯಾಯಿತು. ಆಗ ಟೆಂಪೋಗೆ ಒಂದು ಒಳ್ಳೆಯ ಸಾಗಣೆಯ ಕರೆ ಬಂದಿತ್ತು: ಒಡೆದ ಕಟ್ಟಡಗಳ ಅವಶೇಷವನ್ನು ಎರಡು ತಿಂಗಳು ಹೊರಬೇಕು. ಅದನ್ನು ಬಿಟ್ಟೆ. ಡ್ರಮ್ಮುಗಳನ್ನು ಇಟ್ಟು ಬೇರೆಡೆಯ ಬಾವಿಯಿಂದ ದಿನಕ್ಕೆರಡು ಸಲ ನೀರು ತಂದೆವು. ಡ್ರಮ್ಮನ್ನು ಇಳಿಸುವಾಗ ಇನ್ನೊಂದು ತುದಿಯನ್ನು ನಾನು ಹಿಡಿಯುತ್ತಿದ್ದೆ. ಅರುವತ್ತೆರಡರ ಸೊಂಟಕ್ಕೆ ಅದು ಇಂದಿಗೂ ನೆನಪಿದೆ. ಮೇಸ್ತ್ರಿಯ ಹೆಂಡತಿ ನೀರು ಹಾಕಿದಳು. ನನ್ನೊಡನೆ ಮಾತನಾಡಲಿಲ್ಲ.

ಇದೆಲ್ಲದರಿಂದ ಮರಗಳು ಬದುಕಿದವೆಂದು ಬರೆಯಲು ಆಗುವುದಿಲ್ಲ. ಆಷಾಢದೊಳಗೆ ಹದಿಮೂರರಲ್ಲಿ ಎಂಟು ಸತ್ತವು. ಸರಿಯಾಗಿ ನೆಟ್ಟವುಗಳಲ್ಲಿಯೂ ಎರಡು ಹೋದವು. ಗುಂಪಿನ ಇನ್ನೊಬ್ಬನು ರಸ್ತೆ ಕೆಲಸ ಹುಡುಕಿಕೊಂಡು ಪುಣೆಯ ಕಡೆ ಹೋದನು. ಶ್ರಾವಣದಲ್ಲಿ ನಾನು ಟೆಂಪೋ ಮಾರಿದೆ. ಕೊಂಡವನು ಬೇರೆ ಚಾಲಕನನ್ನು ಇಟ್ಟುಕೊಂಡನು. ನನ್ನ ಚಾಲಕನು ಕಲ್ಯಾಣದಲ್ಲಿ ರಿಕ್ಷಾ ಹಿಡಿದನು. ಹೋಗುವ ದಿನ ಆ ಪುಸ್ತಕವನ್ನು ನನಗೇ ಕೊಟ್ಟನು.

ಮಳೆ ನಿಂತ ಮೇಲೆ ಕಾರ್ಯದರ್ಶಿಗಳು ಮೈದಾನದಲ್ಲಿ ನಡೆದು ಇಪ್ಪತ್ತೊಂದು ಮರಗಳನ್ನು ಕೈಯಿಂದ ಮುಟ್ಟಿ ಎಣಿಸಿದರು. ಉಸ್ತುವಾರಿಯನ್ನು ಮೇಸ್ತ್ರಿಯ ಹೆಸರಿನಲ್ಲಿ ಕೊಟ್ಟರು, ಎಂಟಲ್ಲ, ಐದು ಜನರ ಕೆಲಸಕ್ಕೆ. ಅವನಿಗೆ ಬರೆಯಲು ಬಾರದಾದ್ದರಿಂದ ಕಾಗದಗಳನ್ನು ನಾನು ಬರೆಯುತ್ತೇನೆ. ಇತರ ಕಡೆಯ ಸಣ್ಣಪುಟ್ಟ ಕೆಲಸ ಬಂದರೆ ಅವನೇ ಒಪ್ಪಿಕೊಳ್ಳುತ್ತಾನೆ, ಅವನೇ ಬಿಡುತ್ತಾನೆ.

ಆ ವರ್ಷದ ಕೊನೆಯಲ್ಲಿ ಅಲ್ಲಿಯೇ ಸಮೀಪದಲ್ಲಿ ಒಂದು ಬೇವಿನ ಮರ ಎತ್ತುವುದಿತ್ತು. ಸಂಜೆಯಾಗಿತ್ತು. ನಾನು ಭರಣಿ ಹಿಡಿದು ದೂರದಲ್ಲಿಯೇ ನಿಂತಿದ್ದೆ. ಮೇಸ್ತ್ರಿ ಸೊಂಟದ ಡಬ್ಬಿ ಬಿಚ್ಚಿ ಉತ್ತರದ ಮಗ್ಗುಲಿಗೆ ಸುಣ್ಣದ ಪಟ್ಟಿ ಎಳೆದು ಬದಿಗೆ ಸರಿದನು. ಆಗ ಅವನ ಹೆಂಡತಿ ತಂಬಿಗೆಯಲ್ಲಿ ನೀರು ತಂದು ನನ್ನ ಮುಂದೆ ಇಟ್ಟಳು. ಏಳೆಂಟು ತಿಂಗಳ ಮೇಲೆ ಅವಳು ನನಗಾಡಿದ ಮೊದಲ ಮಾತು ಅದು.

"ಹಚ್ಚ್ರಿ ಯಪ್ಪಾ. ಈಗ ಯಾ ದಿಕ್ಕಿಗಿ ನಿಂತ್ರೂ ನಡೀತದ."

ನಾನು ಪಶ್ಚಿಮಕ್ಕೆ ಮುಖಮಾಡಿ ನಿಂತು ಕುಂಕುಮ ಹಚ್ಚಿದೆ.

ಹಿಂದುಮುಂದಾಗಿ ನಿಂತೂ ಬದುಕಿದ ಆ ಐದು ಮರಗಳಿಗೆ ಒಳ್ಳೆಯದಾಗಲಿ. ಸತ್ತ ಹತ್ತಕ್ಕೆ ಇನ್ನೊಂದು ಮಣ್ಣಿನಲ್ಲಿ ನೆಲೆ ಸಿಗಲಿ. ಊರಿಗೆ ಹೋದ ಇಬ್ಬರಿಗೂ ಪುಣೆಗೆ ಹೋದವನಿಗೂ ತಲೆತಗ್ಗಿಸಿ ಕೇಳಿಸಿಕೊಳ್ಳಬೇಕಾಗದ ಅನ್ನ ದೊರೆಯಲಿ. ರಿಕ್ಷಾ ಓಡಿಸುವ ಚಾಲಕನ ದಾರಿ ಎಲ್ಲ ಸೇತುವೆಗಳ ಅಡಿಯೂ ತೆರೆದಿರಲಿ. ಕೇಳಿಸಿಕೊಂಡ ಕಾರ್ಯದರ್ಶಿಗಳಿಗೆ ಆಯುರಾರೋಗ್ಯವಿರಲಿ. ಮೇಸ್ತ್ರಿಯ ಡಬ್ಬಿಯಲ್ಲಿ ಸುಣ್ಣ ಎಂದೂ ಒಣಗದಿರಲಿ, ಅವನ ಹೆಂಡತಿಯ ಕೈಯ ನೀರು ಎಲ್ಲಿ ಬಿದ್ದರೂ ಅಲ್ಲಿ ಚಿಗುರಲಿ.